ಅಪ್ಪನ ಗ್ರಹಣ

ಅಪ್ಪಾ,

ನಿನ್ನೆ ಸಂಜೆ ಗ್ರಹಣವಿತ್ತು. ನೀವು ಹೋದ ಮೇಲೆ ಇದೇ ಮೊದಲನೆಯದು. ಪ್ರತಿ ಗ್ರಹಣಕ್ಕೂ ತಪ್ಪದೆ ಗಚ್ಚಿ ಮೇಲೆ ಕೂತು, ಬಜಾಜ್ ನಗರಕ್ಕೆಲ್ಲ ಕಾಣುವಂತೆ ಅವಲಕ್ಕಿ ಚೂಡಾ ತಿನ್ನುತ್ತಿದ್ದಿರಿ. ಕೆಳಗೆ ಅವ್ವ ಉಪವಾಸವಿದ್ದು ಜಪ ಮಾಡುತ್ತಿದ್ದಳು. "ನಿಮ್ಮ ನಾಸ್ತಿಕತನಾನೂ ಒಂದು ಧರ್ಮಾನ ಬಿಡ್ರಿ, ಪ್ರಸಾದ ಅಷ್ಟ ಬ್ಯಾರೆ" ಎಂದು ನಾನು ಕಿಚಾಯಿಸಿದರೆ ನೀವು ಸಿಟ್ಟಾಗುತ್ತಿದ್ದಿರಿ.

ನಿನ್ನೆ ಅವ್ವನೇ ಚೂಡಾದ ತಾಟು ಹಿಡಿದು ಗಚ್ಚಿ ಹತ್ತಿದಳು.

"ಅವ್ವಾ, ಗ್ರಹಣ ಹಿಡದೈತಿ!"

"ಗೊತ್ತೈತಿ. ನಿಮ್ಮಪ್ಪನ ವ್ರತ. ಇನ್ನ ನಡಸೋರು ಯಾರದಾರ?" ಎಂದು ಒಂದು ಹಿಡಿ ಬಾಯಿಗೆ ಹಾಕಿಕೊಂಡಳು.

ಅದು ವ್ರತವಲ್ಲ ಎಂದು ಜಗಳ ತೆಗೆಯಲು ನೀವಿರಲಿಲ್ಲ. ಅವಳು ತಾಟನ್ನು ನನ್ನತ್ತ ಸರಿಸಿದಳು. ನೀವು ಎಷ್ಟು ಕರೆದರೂ ಮೇಲೆ ಬಂದು ಕೂರದಿದ್ದ ನಾನು, ಕೂತು ಕೈ ಹಾಕಿದೆ.