ಹುಳುಗಳಿಗೆ ಸೂತಕವಿಲ್ಲ

ಕೆಂಚಾರ್ಲಹಳ್ಳಿ
೧೦-೮-೧೯೫೮

ಪೂಜ್ಯ ಭಾವ ಮುನಿವೆಂಕಟಪ್ಪನವರಿಗೆ ನಮಸ್ಕಾರಗಳು.

ಸೋಮವಾರ ನಿಮ್ಮ ತಂಗಿ ಹೆಣ್ಣುಮಗು ಹೆತ್ತಾಗಲೂ, ಗುರುವಾರ ನಮ್ಮಮ್ಮ ತೀರಿಕೊಂಡಾಗಲೂ ನೀವು ಬಂದುಹೋದಿರಿ. ನಿನ್ನೆ ನನ್ನನ್ನು ಗೌರಿಬಿದನೂರಿಗೆ ಹೆಡ್‌ಮಾಸ್ತರನಾಗಿ ವರ್ಗ ಮಾಡಿದ ಆರ್ಡರೂ ಬಂತು. ಒಂದೇ ಬಸ್ಸಿನಲ್ಲಿ ಬಂದಿಳಿದ ನೆಂಟರ ಹಾಗೆ ಎಲ್ಲವೂ ಒಟ್ಟಿಗೇ ಬಂದಿವೆ. ಯಾರನ್ನು ಮೊದಲು ವಿಚಾರಿಸಲಿ? ನೋಡಲು ಬಂದವರು ಕಣ್ಣೊರೆಸುವುದೋ ಸಕ್ಕರೆ ಕೇಳುವುದೋ ತಿಳಿಯದೆ ಬಾಗಿಲಲ್ಲೇ ನಿಲ್ಲುತ್ತಾರೆ.

ಅಮ್ಮ ಸಾಕಿದ ರೇಷ್ಮೆಹುಳುಗಳು ನೀವು ಬಂದಾಗ ಪೊರೆ ಕಳಚುವ ಜ್ವರಕ್ಕೆ ಮಲಗಿದ್ದವಲ್ಲ, ನಿನ್ನೆ ಎದ್ದು ಸೊಪ್ಪು ಕೇಳುತ್ತಿವೆ. ಸೂತಕದವರು ಹುಳುಮನೆಗೆ ಕಾಲಿಟ್ಟರೆ ಬೆಳೆ ಕೆಡುತ್ತದಂತೆ. ನಮಗೋ ಹುಟ್ಟಿನದೊಂದು, ಸಾವಿನದೊಂದು, ಎರಡೆರಡು ಸೂತಕ. ನಿಮಗೆ ಯಾವುದೂ ಇಲ್ಲವಾದ್ದರಿಂದ ಕೂಡಲೇ ಬಂದು ಸೊಪ್ಪು ಹಾಕಿಕೊಡಬೇಕು.

ಬಾಣಂತಿಯನ್ನು ನೋಡಿಕೊಳ್ಳುತ್ತಿರುವ ಓಬಳಮ್ಮಜ್ಜಿ ನನ್ನ ಬಾಯಿಗೂ ಬೀಗ ಹಾಕಿದ್ದಾರೆ. "ಹಸುಗೂಸಿರೋ ಮನೇಲಿ ಅಳಬಾರ್ದು ಕಣಪ್ಪ. ಹೆಡ್‌ಮಾಸ್ಟ್ರಾಗೋನಿಗೆ ಅಷ್ಟೂ ತಿಳೀದಾ?"

ನಿಮಗೊಬ್ಬರಿಗೇ ಹೇಳುತ್ತೇನೆ. ಅವುಗಳ ಹಸಿವು ನೋಡಲಾರದೆ ಇವತ್ತು ಮಧ್ಯಾಹ್ನ ನಾನೇ ಒಳಗೆ ಹೋಗಿ ಸೊಪ್ಪು ಹಾಕಿದೆ. ಸಾವಿರಾರು ಹುಳು ಒಟ್ಟಿಗೆ ಮೇಯುವ ಸದ್ದು ಎಷ್ಟಿರುತ್ತದೆಂದು ನಿಮಗೆ ಗೊತ್ತಲ್ಲ. ಅದರ ನಡುವೆ ಕೂತು ಅತ್ತೆ. ಯಾರಿಗೂ ಕೇಳಿಸಲಿಲ್ಲ.

ಇನ್ನೊಂದು ವಾರಕ್ಕೆ ಹುಳು ಹಣ್ಣಾಗಿ ಗೂಡು ಕಟ್ಟುತ್ತವೆ, ಆಮೇಲೆ ಸದ್ದಿರುವುದಿಲ್ಲ. ಆದ್ದರಿಂದ ಭಾವ, ಮೇಲೆ ಕೂಡಲೇ ಬನ್ನಿ ಎಂದು ಬರೆದದ್ದನ್ನು ಹೊಡೆದುಹಾಕಿ ಓದಿಕೊಳ್ಳಿ. ನಾಲ್ಕು ದಿನ ಬಿಟ್ಟು ಬನ್ನಿ.

ಇಂತಿ,
ನಿಮ್ಮ ಚನ್ನರಾಯಪ್ಪ