ಅರವತ್ಮೂರನೆಯ ತುಂಡು

ಡಾಂಡಾಗಾಂವ್, ಮ್ಯಾಗ್ದಿ, ನೇಪಾಳ
ಜೇಠ್ ತಿಂಗಳು ನಾಲ್ಕು

ಇದನ್ನು ಬಿಚ್ಚಿದವರು ನನ್ನ ಮೊಮ್ಮಗಳು ಜುನ್‌ಮಾಯಾ ಅಲ್ಲದಿದ್ದರೆ ಇಲ್ಲಿಗೇ ಮಡಚಿಡಿ. ಬೇರೆಯವರ ಮನೆ ಕಾಗದದಲ್ಲಿ ಮೂಗು ತೂರಿಸಲು ನಾಚಿಕೆಯಾಗುವುದಿಲ್ಲವೇ? ತುಲ್‌ಬೀರ್, ನಿನಗೂ ಹೇಳಿದ್ದು. ರಜೆ ಮುಗಿಸಿ ಕೆಲಸಕ್ಕೆ ಮರಳುವಾಗ ಕುವೈತಿಗೆ ಒಯ್ದು ಅವಳ ಕೈಗೆ ಕೊಡು ಎಂದೆ, ಓದು ಎನ್ನಲಿಲ್ಲ.

ನನ್ನ ಜುನ್, ಹೇಗಿದ್ದೀಯೇ? ಹೊಟ್ಟೆ ತುಂಬ ತಿನ್ನುತ್ತೀಯಾ? ನೀನು ಕೆಲಸಕ್ಕಿರುವ ಮನೆಯ ಯಜಮಾನಿ ನಿದ್ದೆ ಮಾಡಲು ಬಿಡುತ್ತಾಳಾ? ನನ್ನ ಮಂಡಿ ನೋವು ಹಾಗೇ ಇದೆ. ಎಮ್ಮೆ ಕರು ಹಾಕಿದೆ, ನಿನ್ನಂತೆಯೇ ಹಟಮಾರಿ.

ಹನ್ನೊಂದು ದಿನದ ಹಿಂದೆ ಫೋನಿನಲ್ಲಿ ನಿನ್ನದೊಂದು ಸಾಲು ಬಂತು: ‘ಅಜ್ಜೀ, ನೀನೊಬ್ಬಳೇ ನೋಡು.’ ಅದರ ಹಿಂದೆಯೇ ವಿಡಿಯೊ ಇಳಿಯತೊಡಗಿತು. ನೂರಕ್ಕೆ ಹತ್ತು, ಇಪ್ಪತ್ತು ಎಂದು ಎಣಿಸುತ್ತ ಕೂತೆ. ಅರವತ್ತೆರಡಾದಾಗ ಗುಡ್ಡದ ಮೇಲೆ ಗುಡುಗಿತು. ಹೋದ ವರ್ಷ ಸಿಡಿಲಿಗೆ ಇಂಟರ್ನೆಟ್ ಪೆಟ್ಟಿಗೆ ಸುಟ್ಟಾಗ ನೀನೇ ಅಲ್ಲವೇ, ‘ಗುಡುಗಿದ್ರೆ ಮೊದ್ಲು ತಂತಿ ಕೀಳಜ್ಜಿ, ಆಮೇಲೆ ದೇವರನ್ನ ಕರಿ’ ಎಂದವಳು? ಕಿತ್ತೆ. ಈ ಕೈಯಿಂದಲೇ ಕಿತ್ತೆ.

ಮಳೆ ನಿಂತ ಮೇಲೆ ತಂತಿ ಚುಚ್ಚಿದರೆ ಅರವತ್ತೆರಡಕ್ಕೇ ನಿಂತಿತ್ತು. ಶಾಲೆಯ ನರ್‌ಜಿತ್ ಮೇಷ್ಟ್ರನ್ನು ಎಳೆದುಕೊಂಡು ಬಂದೆ. ‘ವಿಡಿಯೊ ನೇರ ಅವಳ ಫೋನಿಂದ ಬರ್ತಿದೆ, ಆದ್ರೆ ಇಡಿಯಾಗಿ ಬರಲ್ಲಜ್ಜಿ, ತುಂಡು ತುಂಡಾಗಿ ಬರುತ್ತೆ. ಒಂದೊಂದಕ್ಕೂ ನಂಬರು, ವಿಳಾಸ. ತಲುಪಿದ್ದಕ್ಕೆ ನಮ್ಮ ಫೋನು ಸಿಕ್ತು ಅನ್ನುತ್ತೆ, ತಲುಪದ್ದನ್ನ ಇನ್ನೊಂದ್ಸಲ ಕಳಿಸು ಅಂತ ಕೇಳುತ್ತೆ. ಎರಡೂ ಕಡೆಯವರು ಮೊದಲೇ ಒಪ್ಪಿಕೊಂಡ ನಿಯಮ’ ಎಂದರು. ‘ನಮ್ಮೂರ ಅಳಿಯಂದಿರಿಗಿಂತ ಫೋನಿಗೇ ಮರ್ಯಾದೆ ಜಾಸ್ತಿ’ ಎಂದೆ. ನಕ್ಕರು. ಮತ್ತೆ ಅರವತ್ಮೂರನೆಯದು ಯಾಕೆ ಬರುತ್ತಿಲ್ಲ ಎಂದು ಕೇಳಿದೆ. ಆಗ ನಗಲಿಲ್ಲ. ‘ನಮ್ಮ ಫೋನು ಕೇಳ್ತಾನೇ ಇದೆ. ಆ ಕಡೆ ಅವಳ ಫೋನೇ ಆರಿಹೋಗಿದೆ’ ಎಂದರು. ಇವತ್ತಿಗೂ ಆರಿಯೇ ಇದೆ.

ಬಂದಷ್ಟನ್ನಾದರೂ ತೋರಿಸಿ ಎಂದೆ. ಎಲ್ಲಾ ತುಂಡುಗಳನ್ನು ಹೇಗೆ ಜೋಡಿಸಬೇಕು ಎಂಬ ಪಟ್ಟಿ ಕಟ್ಟಕಡೆಯ ತುಂಡಿನಲ್ಲಿದೆಯಂತೆ, ಅದು ಬಾರದೆ ತೆರೆಯುವುದಿಲ್ಲವಂತೆ. ನಿನ್ನ ಮುಖ ನನ್ನ ಕೈಯಲ್ಲೇ ಇದೆ, ಕಾಣಿಸುವುದಿಲ್ಲ. ಪಕ್ಕದ ಮನೆಯ ಫುಲ್‌ಸರಿ, ‘ಹೊಸ ಬಳೆ ತೋರ್ಸೋಕೆ ಕಳಿಸಿರ್ತಾಳೆ ಬಿಡು’ ಎಂದಳು. ಬಳೆಯಾಗಿದ್ದರೆ ನೀನೇ ಊರಿಗೆಲ್ಲ ತೋರಿಸು ಎನ್ನುತ್ತಿದ್ದೆ, ಅಲ್ಲವೇ? ಒಬ್ಬಳೇ ನೋಡು ಎಂದರೆ ಅದೆಂಥದು? ನಾನು ತಂತಿ ಕಿತ್ತ ಹೊತ್ತಿಗೇ ಅಲ್ಲಿ ಯಾರಾದರೂ ನಿನ್ನ ಕೈಯಿಂದ ಫೋನು ಕಿತ್ತರೇ?

ದೇವರು ನಿನ್ನ ಬೆನ್ನಿಗಿರಲಿ, ನನ್ನ ಚಿನ್ನ.

ನಿನ್ನ ಅಜ್ಜಿ
ಮನ್‌ಸರಾ ಪುನ್

ಮರೆತೆ, ಮುಖ್ಯವಾದದ್ದು ಇದು. ಯಜಮಾನಿ ಪಕ್ಕದಲ್ಲೇ ನಿಂತರೆ ನೀನು ಬಾಯಿ ಬಿಡಲಾರೆ. ಆದ್ದರಿಂದ ನಾವೂ ಒಂದು ನಿಯಮ ಮಾಡಿಕೊಳ್ಳೋಣ. ಕಾಗದದ ಜೊತೆ ನಾನು ನೇಯ್ದ ನಾರಿನ ಚೀಲವಿದೆ. ಸುಖವಾಗಿದ್ದರೆ ಇಟ್ಟುಕೊ. ಇಲ್ಲವಾದರೆ ಬಣ್ಣ ಹಿಡಿಸಲಿಲ್ಲ ಎಂದು ತುಲ್‌ಬೀರನ ಕೈಗೇ ವಾಪಸು ಕೊಡು. ಅವನು ಆ ಮಾತನ್ನಷ್ಟೇ ನನಗೆ ಮುಟ್ಟಿಸಲಿ, ಮೇಷ್ಟ್ರನ್ನು ಕರೆದುಕೊಂಡು ಕಾಠ್ಮಂಡುವಿಗೆ ಹೋಗುತ್ತೇನೆ, ನಿನ್ನನ್ನು ಅಲ್ಲಿಗೆ ಕೆಲಸಕ್ಕೆ ಕಳಿಸಿದ ಏಜೆಂಟರ ಬಾಗಿಲಲ್ಲಿ ಕೂರುತ್ತೇನೆ, ನೀನು ಬರುವವರೆಗೆ ಏಳುವುದಿಲ್ಲ. ಯಜಮಾನಿ ಅವನಿಗೆ ಬಾಗಿಲೇ ತೆರೆಯದಿದ್ದರೂ ಹೊರಡುತ್ತೇನೆ. ಈ ಜೇಠ್ ಮುಗಿದು ಅಸಾರ್ ತಿಂಗಳು ಹುಟ್ಟುವ ಮೊದಲು ಉತ್ತರ ಕೊಡು.