ಹಾಸ್ಟೆಲ್ ಫ್ಲಾಪಿಯ ಮೇಲಿನ ತಾರೀಖು

ಮಾನ್ಯರೇ,

ಪೇಟೆಂಟ್ ಆಕ್ಷೇಪಣೆಗಳನ್ನು ಪರಿಶೀಲಿಸುವ ತಮಗೆ ಹೀಗೆ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿರುವುದಕ್ಕೆ ಮೊದಲು ಸಾರಿ. ಇಂಗ್ಲಿಷಿನಲ್ಲಿ ನಾಲ್ಕು ಸಲ ಬರೆದೆ. ನಾಲ್ಕು ಸಲವೂ ನಿಮ್ಮ ಕಂಪ್ಯೂಟರೇ ಥ್ಯಾಂಕ್ಸ್ ಹೇಳಿತು. ಓದದೇ ಇರುವುದಕ್ಕೆ ಯಾವ ಭಾಷೆಯಾದರೇನು ಎಂದು ಈ ಧೈರ್ಯ. ನನ್ನ ತಂದೆ ಗುಲಾಮ್ ನಬಿಯವರು ಸಲ್ಲಿಸಿದ ಸಾಕ್ಷಿಯನ್ನು ‘ತಾರೀಖು ನಂಬುವಂತಿಲ್ಲ’ ಎಂದು ತಾವು ಪಕ್ಕಕ್ಕಿಟ್ಟಿದ್ದೀರಿ.

ಹಿಂದೆ ಕಂಪ್ಯೂಟರಿನಲ್ಲಿ ಫೈಲಿನ ಹೆಸರು ಎಂಟು ಅಕ್ಷರ ದಾಟುವಂತಿರಲಿಲ್ಲ. ಆ ಗಿಡ್ಡ ಹೆಸರಿನ ಜೊತೆಗೇ ಬೇರೊಂದು ಪಟ್ಟಿಯಲ್ಲಿ ಉದ್ದದ್ದೊಂದನ್ನು ಇಟ್ಟುಕೊಳ್ಳುವ ಉಪಾಯ ತನ್ನದೇ ಎಂದು ಒಂದು ಕಂಪನಿ ೨೦೦೪ರಲ್ಲಿ ಅರ್ಜಿ ಹಾಕಿ ಪೇಟೆಂಟ್ ಪಡೆದಿದೆ. ಹಳೆಯ ಮೆಮೊರಿ ಕಾರ್ಡಿನಿಂದ ಕಳೆದ ಫೋಟೊ ಹುಡುಕಿಕೊಡುವ ಅಬ್ಬಾನ ಪ್ರೋಗ್ರಾಂ ಇದೇ ಉಪಾಯವನ್ನು ಬಳಸುತ್ತದೆ. ಈ ಪರದೇಶದ ಆಡಮ್ಸ್‌ಟೌನಿನ ನಮ್ಮ ಅಡುಗೆಮನೆ ಟೇಬಲ್ಲಿನ ಮುಂದೆ ಒಂಬತ್ತು ವರ್ಷ ಕೂತು ಬರೆದದ್ದು. ಉಪಾಯ ೨೦೦೪ಕ್ಕೂ ಮೊದಲೇ ಇತ್ತೆಂದು ತೋರಿಸದಿದ್ದರೆ ಆ ಪ್ರೋಗ್ರಾಂ ನಿಲ್ಲಿಸಬೇಕು.

ಇತ್ತು, ಮಾನ್ಯರೇ. ನಾನು ಹತ್ತು ವರ್ಷ ಓದಿದ ಧಾರವಾಡದ ಹಾಸ್ಟೆಲಿನಲ್ಲಿ ಇತ್ತು. ಅಲ್ಲಿ ಬಟ್ಟೆಯ ಮೇಲೆ ದೋಬಿ ನಂಬರ್, ಪೂರ್ತಿ ಹೆಸರು ರಿಜಿಸ್ಟರಿನಲ್ಲಿ. ೧೯೯೧ರಲ್ಲಿ, ನಾನು ಹುಟ್ಟುವ ಮೊದಲೇ, ಅಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಮ್ಮ ಜಯಮಾಲಾ ಮೇಡಂ ಫೈಲುಗಳಿಗೂ ಹಾಗೆಯೇ ಒಂದು ಪ್ರೋಗ್ರಾಂ ಬರೆದು ಫ್ಲಾಪಿಯಲ್ಲಿಟ್ಟರು. ಹಾಸ್ಟೆಲ್ ಹುಡುಗಿಯರು ಯಾರೂ ಇದನ್ನು ಆವಿಷ್ಕಾರ ಎಂದುಕೊಳ್ಳಲಿಲ್ಲ, ಅದೇ ನಮ್ಮ ತಪ್ಪು.

‘ಬಿಡಮ್ಮ, ಹಾಸ್ಟೆಲ್ ಫ್ಲಾಪಿ ಯಾರು ನಂಬ್ತಾರೆ’ ಎಂದಿದ್ದರು ಅಬ್ಬಾ. ನಾನೇ ಹಠ ಮಾಡಿ ಮೇಡಂ ಹತ್ತಿರವಿದ್ದ ಅದನ್ನು ಕೊರಿಯರಿನಲ್ಲಿ ತರಿಸಿದೆ. ತೆರೆದರೆ ಎಲ್ಲ ಫೈಲಿಗೂ ಒಂದೇ ತಾರೀಖು: ೧೯೮೦, ಜನವರಿ ಒಂದು. ಮೇಡಂಗೆ ಫೋನ್ ಮಾಡಿದೆ.

‘ಆ ಕಂಪ್ಯೂಟರ್ ಬ್ಯಾಟರಿ ಸತ್ತಿತ್ತವ್ವ. ದಿನಾ ಮುಂಜಾನೆ ಇವತ್ತು ಯಾವ ತಾರೀಖು ಅಂತ ಕೇಳ್ತಿತ್ತು. ಗ್ವಾಡಿ ಮ್ಯಾಲೆ ಕ್ಯಾಲೆಂಡರ್ ಇತ್ತಲ್ಲ, ಇದಕ್ಕ್ಯಾಕ ಹೇಳಬೇಕು ಅಂತ ಎಂಟರ್ ಹೊಡೀತಿದ್ದೆ. ಅದು ತನಗ ಗೊತ್ತಿದ್ದ ಮೊದಲನೇ ತಾರೀಖನ್ನ ಹಾಕ್ಕೋತಿತ್ತು.’

೧೯೮೦ರಲ್ಲಿ ಆ ಹಾಸ್ಟೆಲಿಗೆ ಕಂಪ್ಯೂಟರೇ ಬಂದಿರಲಿಲ್ಲ ಎಂದು ತಾವು ಬರೆದಿದ್ದೀರಿ. ನಿಜ. ಹಾಗಾದರೆ ಇದನ್ನು ಮೊನ್ನೆ ಮಾಡಿದೆವೇ? ಮನೆಯಿಂದ ಐದು ಕಿಲೋಮೀಟರ್ ದಾಟುವಂತಿಲ್ಲದ ಈ ಲಾಕ್‌ಡೌನ್ ದಿನಗಳಲ್ಲಿ ಮೂವತ್ತು ವರ್ಷ ಹಳೆಯ ಫ್ಲಾಪಿಯನ್ನು ನಾವು ಯಾವ ಅಂಗಡಿಯಲ್ಲಿ ಕೊಂಡೆವು?

ವಾರ್ಡನ್ ಸೀಲು, ತಾರೀಖು ಎರಡೂ ಇರುವ ಪ್ರಿಂಟ್‌ಔಟ್ ಹಾಸ್ಟೆಲಿನ ಬೀರುವಿನಲ್ಲಿದೆಯಂತೆ. ಗಿಡ್ಡ ಹೆಸರು, ಉದ್ದ ಹೆಸರು ಒಂದೇ ಸಾಲಿನಲ್ಲಿ. ಆದರೆ ಹಾಸ್ಟೆಲ್ ಈಗ ಕೋವಿಡ್ ಕೇಂದ್ರ. ಮೇಡಂ ಎರಡು ಸಲ ಗೇಟಿನವರೆಗೆ ಹೋಗಿ ವಾಪಸ್ ಬಂದರು. ಅವರಿಗೆ ಅರವತ್ತೇಳು ವರ್ಷ. ಮೂರನೇ ಸಲ ಹೋಗಿ ಎನ್ನಲು ನನಗೆ ಬಾಯಿ ಬರುತ್ತಿಲ್ಲ. ನೀವು ಕೊಟ್ಟ ಗಡುವು ನವೆಂಬರ್ ಇಪ್ಪತ್ತು.

ಟೇಬಲ್ಲಿನ ಒಂದು ತುದಿಯಲ್ಲಿ ನಾನು ಕ್ಯಾಮೆರಾ ಆಫ್ ಮಾಡಿ ಫಸ್ಟ್ ಇಯರ್ ಕ್ಲಾಸಿಗೆ ಕೂರುತ್ತೇನೆ. ಇನ್ನೊಂದು ತುದಿಯಲ್ಲಿ ಅಬ್ಬಾ, ಪ್ರೋಗ್ರಾಂ ಬಳಸುವವರಿಗೆ ಕ್ಷಮೆ ಕೇಳುವ ಪತ್ರವನ್ನು ತಿದ್ದುತ್ತಿದ್ದಾರೆ. ಕೇಳಿದರೆ, ಚೆನ್ನಾಗಿದ್ದೇನೆ ಎನ್ನಲು ಇಲ್ಲಿಯವರು ಹೇಳುವಂತೆ, ‘ನಾನು ಗ್ರ್ಯಾಂಡ್ ಆಗಿದೀನಿ, ನೀನು ಕ್ಲಾಸ್ ನೋಡು’ ಅನ್ನುತ್ತಾರೆ.

ಹಾಸ್ಟೆಲಿನ ಬಾಗಿಲು ತೆರೆಯುವವರೆಗೆ ಗಡುವನ್ನು ಮುಂದಕ್ಕೆ ಹಾಕಿ. ಆಗುವುದಿಲ್ಲ ಎಂದಾದರೆ ಅದನ್ನಾದರೂ ಒಬ್ಬ ಮನುಷ್ಯ ಬರೆಯಲಿ. ಒಂದು ಸಾಲು ಸಾಕು. ದಯವಿಟ್ಟು ಬೇಗ ಉತ್ತರಿಸಿ.

ಇಂತಿ,
ತಾರೀಖನ್ನು ಎರಡೆರಡು ಸಲ ನೋಡಿ ಹಾಕಿರುವ
ನೂರೀನ್
ಆಡಮ್ಸ್‌ಟೌನ್, ೯ ನವೆಂಬರ್ ೨೦೨೦